ಜಮಶೇಟ್‌ಜಿ ಟಾಟಾರವರ ದಾನ

೧೮೩೯ರಲ್ಲಿ ನವಸಾರಿಯ ಪಾರ್ಸಿ ಪುರೋಹಿತ ವಂಶದಲ್ಲಿ ಜನಿಸಿದ ಜಮಶೇಟ್‌ಜಿ ಟಾಟಾರವರು, ೧೮೭೭ರಲ್ಲಿ ನಾಗಪುರದಲ್ಲಿ ಎಂಪ್ರೆಸ್ ಗಿರಣಿಯನ್ನು ತೆರೆದು ವಿಪುಲ ಧನವನ್ನಾರ್ಜಿಸಿದರು. ಬಂಡವಾಳವೊಂದರಿಂದಲೇ ಕೈಗಾರಿಕೆಗಳು ಬೆಳೆಯವು, ಅವಕ್ಕೆ ಶಾಸ್ತ್ರಜ್ಞಾನದ ಆಧಾರ ಬೇಕೆಂಬುದನ್ನು ಮನಗಂಡು, ೧೮೯೮ರಲ್ಲಿ ಸಂಶೋಧನಾಲಯವೊಂದಕ್ಕೆ ಸುಮಾರು ೩೦ ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ಮುಡಿಪಿಟ್ಟರು. ಅಲ್ಲಿ ಕಲಿತವರಿಗೆ ಉದ್ಯೋಗವೆಲ್ಲಿಯದೆಂದು ಲಾರ್ಡ್ ಕರ್ಜನರು ಶಂಕಿಸಿದರು; ವರುಷಗಳು ಕಳೆದುವು. ೧೯೦೪ರಲ್ಲಿ ಟಾಟಾರವರು ಜರ್ಮನಿಯಲ್ಲಿ ಕಾಲವಾದಾಗ ಸಂಶೋಧನಾಲಯವಿನ್ನೂ ಕಾಗದದ ಮೇಲೆಯೇ ಇದ್ದಿತು. ಪುತ್ರರು ತಂದೆಯ ಸಂಕಲ್ಪವನ್ನು ಬಿಡಲಿಲ್ಲ. ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ ೩೭೧ ಎಕರೆ ಭೂಮಿಯನ್ನಿತ್ತಿತು. ೧೯೧೧ರಲ್ಲಿ ಪಾಠಗಳು ಮೊದಲಾದುವು.

ಅನ್ನಛತ್ರವು ಇಂದಿನ ಹಸಿವನ್ನು ನೀಗುವುದು ದಿಟ. ಸಂಶೋಧನೆಗಿತ್ತ ಹಣವಾದರೋ ಉದ್ಯಮಗಳಿಗೆ ನೆಲವನ್ನು ಹದಮಾಡಿ, ಮುಂದಿನ ತಲೆಮಾರಿನ ಅನ್ನಕ್ಕೆ ದಾರಿಮಾಡುವುದು. ಫಲವನ್ನು ತಾವು ಕಾಣದೆಯೇ ಬೀಜವನ್ನು ಬಿತ್ತಿದ ಈ ದಾನವನ್ನು ನಮ್ಮ ಧನಿಕರೂ ಅಧಿಕಾರಿಗಳೂ ಮನನಮಾಡಬೇಕೆಂದು ನಾವು ಬಯಸುತ್ತೇವೆ.