ವಿಲ್ಲಿಸ್ ಕ್ಯಾರಿಯರ್

ವಿಲ್ಲಿಸ್ ಹ್ಯಾವಿಲೆಂಡ್ ಕ್ಯಾರಿಯರ್ (ನವೆಂಬರ್ 26, 1876 – ಅಕ್ಟೋಬರ್ 7, 1950) ಅಮೆರಿಕದ ಎಂಜಿನಿಯರ್. ಆಧುನಿಕ ಹವಾನಿಯಂತ್ರಣದ ಜನಕರೆಂದು ಪ್ರಸಿದ್ಧರು.

ಜೀವನ ಮತ್ತು ಸಾಧನೆ

ನ್ಯೂಯಾರ್ಕ್ ರಾಜ್ಯದ ಅಂಗೋಲಾದಲ್ಲಿ ಜನಿಸಿದ ಕ್ಯಾರಿಯರ್, 1901ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಪದವಿ ಪಡೆದು ಬಫಲೋ ಫೋರ್ಜ್ ಕಂಪನಿಯನ್ನು ಸೇರಿದರು. ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ಗಾಳಿಯ ತೇವದ ಏರಿಳಿತದಿಂದ ಕಾಗದವು ಹಿಗ್ಗಿ ಕುಗ್ಗಿ, ಬಣ್ಣಗಳು ಸರಿಯಾಗಿ ಹೊಂದುತ್ತಿರಲಿಲ್ಲ. ಇದರ ಪರಿಹಾರಕ್ಕಾಗಿ ಅವರು 1902ರಲ್ಲಿ, ತಣ್ಣನೆಯ ಸುರುಳಿ ಕೊಳವೆಗಳ ಮೇಲೆ ಗಾಳಿಯನ್ನು ಹಾಯಿಸಿ ತೇವವನ್ನು ಹತೋಟಿಯಲ್ಲಿಡುವ ವ್ಯವಸ್ಥೆಯನ್ನು ರೂಪಿಸಿದರು. ನೀರಿನ ತುಂತುರಿನಿಂದ ಗಾಳಿಯನ್ನು ಶುದ್ಧಗೊಳಿಸಿ ತೇವವನ್ನು ಹೊಂದಿಸುವ ಉಪಕರಣಕ್ಕೆ 1906ರಲ್ಲಿ ಪೇಟೆಂಟ್ ದೊರೆಯಿತು. 1911ರಲ್ಲಿ ಗಾಳಿಯ ಉಷ್ಣತೆ ಹಾಗೂ ಆರ್ದ್ರತೆಗಳ ಸಂಬಂಧವನ್ನು ತಿಳಿಸುವ ಸೂತ್ರಗಳನ್ನು ಮಂಡಿಸಿದರು. 1915ರಲ್ಲಿ ಆರು ಮಂದಿ ಎಂಜಿನಿಯರುಗಳೊಡನೆ ಸ್ವಂತ ಕಂಪನಿಯನ್ನು ಸ್ಥಾಪಿಸಿದರು. 1922ರಲ್ಲಿ ಅವರು ಪರಿಚಯಿಸಿದ ಕೇಂದ್ರಾಪಗಾಮಿ ಶೀತಲ ಯಂತ್ರವು ದೊಡ್ಡ ಕಟ್ಟಡಗಳ ಕೇಂದ್ರೀಯ ಹವಾನಿಯಂತ್ರಣಕ್ಕೆ ದಾರಿ ಮಾಡಿಕೊಟ್ಟಿತು. ನ್ಯೂಯಾರ್ಕ್ ನಗರದಲ್ಲಿ ನಿಧನರಾದರು.

ಆಸ್ತಮಾ ಮತ್ತು ಹವಾನಿಯಂತ್ರಣ

ಕ್ಯಾರಿಯರ್ ಅವರ ಮೂಲ ಗುರಿ ತಂಪಲ್ಲ, ತೇವದ ಹತೋಟಿ. ಆಸ್ತಮಾ ರೋಗಿಗಳಿರುವ ಮನೆಗೆ ಈ ವ್ಯತ್ಯಾಸವು ಮುಖ್ಯವಾದುದು. ಭತ್ತ ಮತ್ತು ಹತ್ತಿ ಬೆಳೆಯುವ ರಾಯಚೂರು, ಮಾನ್ವಿ, ದೇವದುರ್ಗ ಪ್ರದೇಶದಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಗಿರಣಿಗಳ ಹಾಗೂ ರಸ್ತೆಗಳ ಧೂಳೂ ಗಾಳಿಯಲ್ಲಿ ಸೇರುತ್ತದೆ. ನೀರಿನ ಕೂಲರ್ ಕೋಣೆಯ ತೇವವನ್ನು ಹೆಚ್ಚಿಸುತ್ತದೆ. ಹವಾನಿಯಂತ್ರಣ ಯಂತ್ರ ಅದನ್ನು ತಗ್ಗಿಸುತ್ತದೆ. ಸಾಪೇಕ್ಷ ಆರ್ದ್ರತೆ ಶೇ. 50ಕ್ಕಿಂತ ಕಡಿಮೆಯಿದ್ದರೆ ಆಸ್ತಮಾ ಕೆರಳಿಸುವ ಧೂಳಿನ ನುಸಿಗಳು ವೃದ್ಧಿಯಾಗುವುದು ಕಷ್ಟ. ಆದರೆ ಕೇಂದ್ರೀಯ ವ್ಯವಸ್ಥೆಯಲ್ಲಿ ಒಂದೇ ಗಾಳಿಯು ಕೊಳವೆಗಳ ಮೂಲಕ ಎಲ್ಲ ಕೋಣೆಗಳಿಗೂ ಹರಿಯುತ್ತದೆ. ಆದ್ದರಿಂದ ಸೂಕ್ಷ್ಮ ಕಣಗಳನ್ನು ತಡೆಯುವ ಫಿಲ್ಟರ್, ಸುಲಭವಾಗಿ ಶುಚಿಗೊಳಿಸಬಹುದಾದ ಕೊಳವೆಗಳು ಹಾಗೂ ನೀರು ನಿಲ್ಲದ ಹೊರಹರಿವು ಅಗತ್ಯ. ಇವು ಇಲ್ಲದಿದ್ದರೆ ಯಂತ್ರದಲ್ಲಿ ಬೆಳೆದ ಬೂಷ್ಟು ಮನೆಯೆಲ್ಲ ಹರಡುತ್ತದೆ.