ಓಟಗಾರ್ತಿ ವಿಲ್ಮಾ ರುಡಾಲ್ಫ್ ಹಾಕಿದ ಷರತ್ತು

ಈ ವರ್ಷದ ಸಂಚಿಕೆಗೆ ಒಬ್ಬ ಮಹಾನ್ ವ್ಯಕ್ತಿಯ ಜೀವನ ಬರೆದುಕೊಡು ಅಂತ ಸಂಘದ ಅಣ್ಣಂದಿರು ಹೇಳಿದಾಗ ಮೊದಲು ನೆನಪಾದದ್ದು ಬಾಬಾಸಾಹೇಬರು, ಜ್ಯೋತಿಬಾ, ಸಾವಿತ್ರಿಬಾಯಿ. ಅವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವ ಹಿರಿಯರು ನಮ್ಮಲ್ಲಿ ಇದ್ದಾರೆ. ಅದಕ್ಕೇ ನಾನು ಅಮೆರಿಕದ ಒಬ್ಬ ಹೆಣ್ಣುಮಗಳನ್ನು ಆರಿಸಿಕೊಂಡೆ. ಹೆಸರು ವಿಲ್ಮಾ ರುಡಾಲ್ಫ್. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದ ಕಪ್ಪು ಹುಡುಗಿ.

ಅಮೆರಿಕದವಳ ಕಥೆ ನಮಗ್ಯಾಕೆ ಅಂತ ಯಾರಾದರೂ ಕೇಳಬಹುದು. ಅಲ್ಲಿನ ಕಪ್ಪು ಜನರ ಸ್ಥಿತಿಗೂ ಇಲ್ಲಿನ ಅಸ್ಪೃಶ್ಯರ ಸ್ಥಿತಿಗೂ ಬಹಳ ಹೋಲಿಕೆ ಇದೆ ಅಂತ 1946ರಲ್ಲಿ ಬಾಬಾಸಾಹೇಬರೇ ಅಲ್ಲಿನ ನಾಯಕ ಡು ಬಾಯ್ಸ್ ಅವರಿಗೆ ಕಾಗದ ಬರೆದಿದ್ದರು. ವಿಲ್ಮಾಳ ಕಥೆ ಓದಿದರೆ ಆ ಹೋಲಿಕೆ ತಾನಾಗಿಯೇ ಕಾಣುತ್ತದೆ.

ವಿಲ್ಮಾ ಹುಟ್ಟಿದ್ದು 1940ರ ಜೂನ್ 23ರಂದು, ಟೆನೆಸೀ ರಾಜ್ಯದಲ್ಲಿ. ಬೆಳೆದದ್ದು ಅದೇ ರಾಜ್ಯದ ಕ್ಲಾರ್ಕ್ಸ್‌ವಿಲ್ ಎಂಬ ಊರಿನಲ್ಲಿ. ದಿನ ತುಂಬುವ ಮೊದಲೇ ಹುಟ್ಟಿದ ಕೂಸು, ತೂಕ ಬರೀ ಎರಡು ಕಿಲೋ. ತಂದೆ ಎಡ್ ರೈಲ್ವೆಯಲ್ಲಿ ಹಮಾಲಿ ಮಾಡುತ್ತಿದ್ದರು, ಸಿಕ್ಕ ಬೇರೆ ಕೂಲಿಯನ್ನೂ ಮಾಡುತ್ತಿದ್ದರು. ತಾಯಿ ಬ್ಲಾಂಚ್ ಬಿಳಿಯರ ಮನೆಗಳಲ್ಲಿ ಮನೆಗೆಲಸದವಳು. ಎಡ್ ಅವರ ಎರಡು ಮದುವೆಗಳಿಂದ ಒಟ್ಟು 22 ಮಕ್ಕಳು, ಅವರಲ್ಲಿ ವಿಲ್ಮಾ 20ನೆಯವಳು. ಮನೆ ತುಂಬ ಮಂದಿ, ಕೈಯಲ್ಲಿ ಮಾತ್ರ ಕಾಸಿಲ್ಲ.

ಸಣ್ಣವಳಿದ್ದಾಗ ಆಕೆಗೆ ಒಂದಾದ ಮೇಲೊಂದು ಕಾಯಿಲೆ. ನ್ಯುಮೋನಿಯಾ ಬಂತು, ಸ್ಕಾರ್ಲೆಟ್ ಜ್ವರ ಬಂತು, ಕಡೆಗೆ ಪೋಲಿಯೋ ಬಂತು. ಎಡಗಾಲಿನ ಶಕ್ತಿ ಹೋಯಿತು. ಆಗಿನ್ನೂ ಪೋಲಿಯೋ ಲಸಿಕೆ ಇರಲಿಲ್ಲ. ಈ ಮಗು ಇನ್ನು ನಡೆಯುವುದಿಲ್ಲ ಅಂತ ವೈದ್ಯರು ಹೇಳಿದರು. ನಡದೇ ನಡೀತಾಳೆ ಅಂತ ತಾಯಿ ಹೇಳಿದಳು. ವಿಲ್ಮಾ ನಂಬಿದ್ದು ತಾಯಿಯನ್ನು.

ನಂಬಿದರೆ ಸಾಕೇ? ಔಷಧೋಪಚಾರ ಬೇಕಲ್ಲ. ಕ್ಲಾರ್ಕ್ಸ್‌ವಿಲ್‌ನಲ್ಲಿ ಕಪ್ಪು ಮಕ್ಕಳಿಗೆ ಅಂಥ ಚಿಕಿತ್ಸೆ ಸಿಗುತ್ತಿರಲಿಲ್ಲ. ಸುಮಾರು 80 ಕಿಲೋಮೀಟರ್ ದೂರದ ನ್ಯಾಶ್‌ವಿಲ್‌ನಲ್ಲಿ ಕಪ್ಪು ಜನರಿಗಾಗಿ ಇದ್ದ ಮೆಹ್ಯಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೇ ಹೋಗಬೇಕು. ವಾರಕ್ಕೊಮ್ಮೆ ತಾಯಿ ಕೆಲಸ ಬಿಟ್ಟು ಮಗಳನ್ನು ಕರೆದುಕೊಂಡು ಬಸ್ಸು ಹತ್ತುತ್ತಿದ್ದಳು. ಬಸ್ಸಿನಲ್ಲಿ ಕೂರಬೇಕಾದ್ದು ಹಿಂದಿನ ಸೀಟಿನಲ್ಲಿ, ಯಾಕಂದ್ರೆ ಮುಂದಿನ ಸೀಟು ಬಿಳಿಯರಿಗೆ. ಎರಡು ವರ್ಷ ಹೀಗೇ ನಡೆಯಿತು. ಕಾಲು ತಿಕ್ಕುವ ರೀತಿಯನ್ನು ತಾಯಿ ಆಸ್ಪತ್ರೆಯಲ್ಲಿ ಕಲಿತು ಬಂದು ದೊಡ್ಡ ಮಕ್ಕಳಿಗೂ ಕಲಿಸಿದಳು. ದಿನಕ್ಕೆ ನಾಲ್ಕು ಸಲ, ಅಕ್ಕಂದಿರು ಅಣ್ಣಂದಿರು ಪಾಳಿ ಹಚ್ಚಿಕೊಂಡು ತಂಗಿಯ ಕಾಲು ತಿಕ್ಕುತ್ತಿದ್ದರು. ಕಾಲಿಗೆ ಕಬ್ಬಿಣದ ಕ್ಯಾಲಿಪರ್ ಹಾಕಿದ್ದರು. ಓರಗೆಯ ಮಕ್ಕಳು ಆಡುವಾಗ ಈಕೆ ಕೂತು ನೋಡಬೇಕು. ಶಾಲೆಗೆ ಸೇರಿದ್ದೇ ಏಳನೇ ವಯಸ್ಸಿಗೆ.

ಈ ಭಾಗ ಓದಿದಾಗ ನನಗೆ ಅನಿಸಿದ್ದು ಒಂದೇ. ವಿಲ್ಮಾಳ ಕಥೆಯನ್ನು ಎಲ್ಲರೂ ಛಲದ ಕಥೆ ಅಂತ ಹೇಳುತ್ತಾರೆ. ಛಲ ಇತ್ತು, ನಿಜ. ಆದರೆ ಆ ಕಾಲಿನ ಹಿಂದೆ ಇಡೀ ಒಂದು ಮನೆಯ ಕೈಗಳಿದ್ದವು. ಒಬ್ಬಳೇ ಎದ್ದು ನಿಂತವಳಲ್ಲ ಆಕೆ, ಎಲ್ಲರೂ ಸೇರಿ ಎಬ್ಬಿಸಿ ನಿಲ್ಲಿಸಿದರು.

ಕ್ಯಾಲಿಪರ್ ಹೋಯಿತು, ಆಮೇಲೆ ಆಧಾರದ ಬೂಟೂ ಹೋಯಿತು. ಸುಮಾರು 12 ವರ್ಷದ ಹೊತ್ತಿಗೆ ವಿಲ್ಮಾ ಎಲ್ಲರ ಹಂಗ ನಡೆಯತೊಡಗಿದಳು. ನಡೆಯಲು ಬಂದ ಮೇಲೆ ಆಕೆಯನ್ನು ಹಿಡಿಯುವವರೇ ಇರಲಿಲ್ಲ. ಬರ್ಟ್ ಹೈಸ್ಕೂಲಿನಲ್ಲಿ ಬ್ಯಾಸ್ಕೆಟ್‌ಬಾಲ್ ತಂಡ ಸೇರಿದಳು. ಒಂದು ಕಡೆ ನಿಲ್ಲದೆ ಗುಂಯ್‌ಗುಟ್ಟುತ್ತ ಸುತ್ತುತ್ತಾಳೆ ಅಂತ ಅಲ್ಲಿನ ಕೋಚ್ ಆಕೆಗೆ ಸೊಳ್ಳೆ ಅಂತ ಅಡ್ಡಹೆಸರು ಇಟ್ಟರು.

ಆ ಆಟದಲ್ಲೇ ಆಕೆಯನ್ನು ಕಂಡವರು ಎಡ್ ಟೆಂಪಲ್. ನ್ಯಾಶ್‌ವಿಲ್‌ನಲ್ಲಿದ್ದ ಕಪ್ಪು ಜನರ ವಿಶ್ವವಿದ್ಯಾಲಯ ಟೆನೆಸೀ ಸ್ಟೇಟ್‌ನಲ್ಲಿ ಅವರು ಸಮಾಜಶಾಸ್ತ್ರ ಕಲಿಸುತ್ತಿದ್ದರು, ಜೊತೆಗೆ ಹುಡುಗಿಯರ ಓಟದ ತಂಡಕ್ಕೆ ಕೋಚ್. ಆ ತಂಡದ ಹೆಸರು ಟೈಗರ್‌ಬೆಲ್ಸ್. ಹೆಸರು ದೊಡ್ಡದು, ಸೌಕರ್ಯ ಏನೂ ಇಲ್ಲ. ಮೈದಾನ ಸರಿ ಇರಲಿಲ್ಲ, ಟ್ರ್ಯಾಕಿನ ಗೆರೆಗಳನ್ನು ಟೆಂಪಲ್ ಅವರೇ ಎಳೆಯುತ್ತಿದ್ದರು. ಹುಡುಗಿಯರನ್ನು ಕ್ರೀಡಾಕೂಟಕ್ಕೆ ತಮ್ಮ ಕಾರಿನಲ್ಲೇ ಒಯ್ಯುತ್ತಿದ್ದರು. ದಾರಿಯಲ್ಲಿ ಹೋಟೆಲಿನೊಳಗೆ ಕಪ್ಪು ಹುಡುಗಿಯರನ್ನು ಬಿಡುತ್ತಿರಲಿಲ್ಲ, ಶೌಚಾಲಯವನ್ನೂ ಬಳಸುವ ಹಾಗಿರಲಿಲ್ಲ. ಅದಕ್ಕೆ ಬುತ್ತಿ ಕಟ್ಟಿಕೊಂಡೇ ಹೊರಡುತ್ತಿದ್ದರು. ಶುಲ್ಕಕ್ಕಾಗಿ ಹುಡುಗಿಯರು ಕಾಲೇಜಿನಲ್ಲೇ ದಿನಕ್ಕೆ ಎರಡು ತಾಸು ಕೆಲಸ ಮಾಡಬೇಕಿತ್ತು.

ಟೆಂಪಲ್ ಮಾಸ್ತರರ ಶಿಸ್ತೂ ಅಷ್ಟೇ ಬಿಗಿ. ಅಭ್ಯಾಸಕ್ಕೆ ಎಷ್ಟು ನಿಮಿಷ ತಡವೋ ಅಷ್ಟು ಸುತ್ತು ಹೆಚ್ಚಿಗೆ ಓಡಬೇಕು. ಒಂದು ದಿನ ವಿಲ್ಮಾ ಮಲಗಿಬಿಟ್ಟು ಅರ್ಧ ತಾಸು ತಡವಾಗಿ ಬಂದಳು, 30 ಸುತ್ತು ಓಡಿದಳು. ಮರುದಿನ ಅರ್ಧ ತಾಸು ಮೊದಲೇ ಬಂದು ಕೂತಿದ್ದಳು. ಓಟ ಎಷ್ಟು ಮುಖ್ಯವೋ ಡಿಗ್ರಿ ಅಷ್ಟೇ ಮುಖ್ಯ ಅನ್ನುವುದು ಅವರ ನಿಯಮ. ಅವರ ಕೈಯಲ್ಲಿ ತಯಾರಾದ 40 ಹುಡುಗಿಯರು ಒಲಿಂಪಿಕ್ಸ್‌ಗೆ ಹೋದರು, 23 ಪದಕ ತಂದರು. ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಪದವಿ ಮುಗಿಸಿದರು. ನಮ್ಮಂಥವರು ನೆನಪಿಡಬೇಕಾದ ಮಾತು ಇದು.

1956ರಲ್ಲಿ, ಇನ್ನೂ ಹೈಸ್ಕೂಲಿನಲ್ಲಿದ್ದಾಗಲೇ, 16 ವರ್ಷದ ವಿಲ್ಮಾ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋದಳು. 200 ಮೀಟರ್‌ನಲ್ಲಿ ಮೊದಲ ಸುತ್ತಿನಲ್ಲೇ ಹೊರಬಿದ್ದಳು. ಆಸ್ಟ್ರೇಲಿಯಾದ 18ರ ಹುಡುಗಿ ಬೆಟ್ಟಿ ಕತ್‌ಬರ್ಟ್ 100, 200 ಮತ್ತು ರಿಲೇ ಮೂರರಲ್ಲೂ ಚಿನ್ನ ಗೆದ್ದದ್ದನ್ನು ವಿಲ್ಮಾ ಕಣ್ಣಾರೆ ನೋಡಿದಳು. ತಾನೂ ಒಂದು ದಿನ ಹೀಗೆ ನಿಲ್ಲಬೇಕು ಅಂತ ಅಲ್ಲೇ ನಿಶ್ಚಯಿಸಿದಳು. 4x100 ರಿಲೇಯಲ್ಲಿ ತಂಡದ ಜೊತೆ ಕಂಚಿನ ಪದಕ ತಗೊಂಡು ಊರಿಗೆ ಬಂದಳು.

ಮುಂದಿನ ವಿಷಯವನ್ನು ಕೆಲವರು ಬರೆಯದೆ ಬಿಡುತ್ತಾರೆ. 1958ರಲ್ಲಿ, ಹೈಸ್ಕೂಲು ಮುಗಿಯುವ ಹೊತ್ತಿಗೆ, ಮದುವೆಗೆ ಮೊದಲೇ ವಿಲ್ಮಾ ಒಂದು ಹೆಣ್ಣುಮಗುವಿನ ತಾಯಿಯಾದಳು. ಎಷ್ಟೋ ಹುಡುಗಿಯರ ಓದೂ ಆಟವೂ ಅಲ್ಲಿಗೇ ನಿಂತುಹೋಗುತ್ತದೆ. ಆಕೆಯ ಮನೆಯವರು ಕೈ ಬಿಡಲಿಲ್ಲ, ಕೂಸನ್ನು ಅವರೇ ನೋಡಿಕೊಂಡರು. ತಾಯಂದಿರನ್ನು ತಂಡಕ್ಕೆ ಸೇರಿಸದ ಟೆಂಪಲ್ ಈಕೆಗಾಗಿ ತಮ್ಮ ನಿಯಮವನ್ನೇ ಮುರಿದರು. ಅದೇ ವರ್ಷ ವಿಲ್ಮಾ ವಿಶ್ವವಿದ್ಯಾಲಯ ಸೇರಿದಳು.

1960ರ ಜುಲೈನಲ್ಲಿ ಟೆಕ್ಸಸ್‌ನಲ್ಲಿ ನಡೆದ ಕೂಟದಲ್ಲಿ 200 ಮೀಟರನ್ನು 22.9 ಸೆಕೆಂಡಿನಲ್ಲಿ ಓಡಿದಳು. 23 ಸೆಕೆಂಡಿನ ಒಳಗೆ ಆ ದೂರ ಓಡಿದ ಜಗತ್ತಿನ ಮೊದಲ ಹೆಣ್ಣು ಆಕೆ. ಆ ಬೇಸಿಗೆಯಲ್ಲೇ ರೋಮ್.

ರೋಮ್‌ನಲ್ಲಿ ಸುಡುವ ಬಿಸಿಲು. 100 ಮೀಟರ್ ಓಟಕ್ಕೆ ಮುಂಚೆ ಅಭ್ಯಾಸದ ಮೈದಾನದ ಒಂದು ಗುಂಡಿಯಲ್ಲಿ ಕಾಲಿಟ್ಟು ಹಿಮ್ಮಡಿಯ ಗಂಟು ಉಳುಕಿತು. ಕಾಲಿಗೆ ಪಟ್ಟಿ ಸುತ್ತಿಕೊಂಡೇ ಓಡಿದಳು. ಸೆಮಿಫೈನಲ್‌ನಲ್ಲಿ 11.3 ಸೆಕೆಂಡು, ಅದು ಆಗಿನ ವಿಶ್ವದಾಖಲೆಗೆ ಸಮ. ಸೆಪ್ಟೆಂಬರ್ 2ರ ಫೈನಲ್‌ನಲ್ಲಿ 11.0 ಸೆಕೆಂಡು! ಹಿಂದಿನಿಂದ ಬೀಸಿದ ಗಾಳಿ ನಿಯಮದ ಮಿತಿಗಿಂತ ಜಾಸ್ತಿ ಇದ್ದದ್ದರಿಂದ ಅದು ದಾಖಲೆಯಾಗಲಿಲ್ಲ, ಚಿನ್ನ ಮಾತ್ರ ಆಕೆಯದೇ. ಎರಡನೇ ಸ್ಥಾನದ ಬ್ರಿಟನ್ನಿನ ಡೊರೊತಿ ಹೈಮನ್ ಬಹಳ ಹಿಂದೆ ಇದ್ದಳು. ಸೆಪ್ಟೆಂಬರ್ 5ರಂದು 200 ಮೀಟರ್ ಫೈನಲ್, 24.0 ಸೆಕೆಂಡಿನಲ್ಲಿ ಎರಡನೇ ಚಿನ್ನ.

ಉಳಿದದ್ದು 4x100 ರಿಲೇ. ಮಾರ್ಥಾ ಹಡ್ಸನ್, ಲುಸಿಂಡಾ ವಿಲಿಯಮ್ಸ್, ಬಾರ್ಬರಾ ಜೋನ್ಸ್, ಕೊನೆಗೆ ವಿಲ್ಮಾ. ನಾಲ್ವರೂ ಕಪ್ಪು ಹುಡುಗಿಯರು, ನಾಲ್ವರೂ ಟೈಗರ್‌ಬೆಲ್ಸ್. ಅಮೆರಿಕದಂಥ ದೊಡ್ಡ ದೇಶದ ತಂಡ ಅಂದ್ರ ಆ ದಿನ ಟೆಂಪಲ್ ಮಾಸ್ತರರ ಆ ಬಡ ಮೈದಾನವೇ. ಸೆಮಿಫೈನಲ್‌ನಲ್ಲಿ 44.4 ಸೆಕೆಂಡಿನ ವಿಶ್ವದಾಖಲೆ ಮಾಡಿದರು. ಫೈನಲ್‌ನಲ್ಲಿ ಬ್ಯಾಟನ್ ಕೈ ಬದಲಾಗುವಾಗ ಎಡವಟ್ಟಾಗಿ ವಿಲ್ಮಾ ಸ್ವಲ್ಪ ನಿಧಾನವಾಗಬೇಕಾಯಿತು. ಅಷ್ಟರಲ್ಲಿ ಜರ್ಮನಿ ಮುಂದೆ ಹೋಗಿತ್ತು. ಆಕೆ ಬೆನ್ನಟ್ಟಿ ಹಿಂದೆ ಹಾಕಿದಳು. ಮೂರನೇ ಚಿನ್ನ. ಒಂದೇ ಒಲಿಂಪಿಕ್ಸ್‌ನ ಅಥ್ಲೆಟಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದ ಮೊದಲ ಅಮೆರಿಕನ್ ಮಹಿಳೆಯಾದಳು. ನಮ್ಮ ಮಿಲ್ಖಾ ಸಿಂಗ್ 400 ಮೀಟರ್‌ನಲ್ಲಿ ನಾಲ್ಕನೆಯವರಾಗಿ ಪದಕ ತಪ್ಪಿಸಿಕೊಂಡದ್ದೂ ಇದೇ ರೋಮ್‌ನಲ್ಲಿ. ಟಿವಿಯಲ್ಲಿ ಇಷ್ಟು ಜನ ಒಲಿಂಪಿಕ್ಸ್ ನೋಡಿದ್ದು ಆಗಲೇ ಮೊದಲು. ಹೀಗಾಗಿ ಯುರೋಪಿನ ಊರೂರಲ್ಲಿ ವಿಲ್ಮಾಳನ್ನು ನೋಡಲು ಜನ ಮುಗಿಬಿದ್ದರು.

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ಸಂಗತಿಗೆ ಬರುತ್ತೇನೆ.

ಇಡೀ ಜಗತ್ತು ಹೊಗಳಿದ ಮೇಲೆ ಸ್ವಂತ ಊರು ಸುಮ್ಮನಿರುತ್ತದೆಯೇ? ಕ್ಲಾರ್ಕ್ಸ್‌ವಿಲ್‌ನಲ್ಲಿ ಮೆರವಣಿಗೆ, ಸನ್ಮಾನ, ಔತಣಕೂಟ ಮಾಡಬೇಕೆಂದು ತಯಾರಿ ನಡೆಯಿತು. ಆಗ ರಾಜ್ಯದ ಗವರ್ನರ್ ಆಗಿದ್ದ ಬ್ಯುಫರ್ಡ್ ಎಲಿಂಗ್ಟನ್, ಬಿಳಿಯರು ಬೇರೆ ಕಪ್ಪು ಜನ ಬೇರೆ ಇರಬೇಕು ಅನ್ನುವ ನಿಲುವಿನ ಮೇಲೆಯೇ ಗೆದ್ದು ಬಂದವರು. ಊರಿನ ರೂಢಿಯೂ ಅದೇ. ಕಾರ್ಯಕ್ರಮ ಯಾವುದೇ ಇರಲಿ, ಎರಡೂ ಜನ ಬೇರೆ ಬೇರೆಯೇ ಕೂರಬೇಕು. ವಿಲ್ಮಾ ಒಂದೇ ಷರತ್ತು ಹಾಕಿದಳು. ಮೆರವಣಿಗೆಯಲ್ಲೂ ಊಟದಲ್ಲೂ ಎಲ್ಲರೂ ಕೂಡಿ ಇರಬೇಕು, ಇಲ್ಲಂದ್ರ ತಾನು ಬರುವುದಿಲ್ಲ.

ಆಕೆಗೆ ಆಗ 20 ವರ್ಷ, ನಮ್ಮ ವಯಸ್ಸು. ತಂದೆ ಹಮಾಲ, ತಾಯಿ ಬಿಳಿಯರ ಮನೆಯ ಕೆಲಸದವಳು. ಊರಿನ ದೊಡ್ಡವರು ಶಾಲು ಹಿಡಿದು ನಿಂತಾಗ ಬೇಡ ಅನ್ನುವುದು ಸಣ್ಣ ಮಾತಲ್ಲ.

ಊರು ಬಗ್ಗಿತು. 1960ರ ಅಕ್ಟೋಬರ್ 4ರಂದು ಕ್ಲಾರ್ಕ್ಸ್‌ವಿಲ್‌ನ ಚರಿತ್ರೆಯಲ್ಲೇ ಮೊದಲ ಸಲ ಬಿಳಿಯರೂ ಕಪ್ಪು ಜನರೂ ಒಂದೇ ಮೆರವಣಿಗೆಯಲ್ಲಿ ನಡೆದರು. ಆ ರಾತ್ರಿ ಸುಮಾರು 1,100 ಜನ ಒಂದೇ ಸಭಾಂಗಣದಲ್ಲಿ ಕೂಡಿ ಕೂತು ಉಂಡರು. ರೋಮ್‌ನ ಮೂರು ಪದಕಕ್ಕಿಂತ ಇದೇ ದೊಡ್ಡ ಗೆಲುವು ಅಂತ ನನಗೆ ಅನಿಸುತ್ತದೆ. ಪದಕ ಆಕೆಯೊಬ್ಬಳ ಕೊರಳಿಗೆ ಬಿತ್ತು, ಆ ಊಟ ಇಡೀ ಸಮುದಾಯದ್ದು. ಹಾಗಂತ ಊರು ಒಂದೇ ದಿನಕ್ಕೆ ಬದಲಾಗಲಿಲ್ಲ. ಮೂರು ವರ್ಷದ ಮೇಲೆ, 1963ರ ಮೇ ತಿಂಗಳಲ್ಲಿ, ಕಪ್ಪು ಜನರನ್ನು ಒಳಗೆ ಬಿಡದ ಊರಿನ ಒಂದು ಹೋಟೆಲಿನ ಮುಂದೆ ನಡೆದ ಪ್ರತಿಭಟನೆಯಲ್ಲಿ ಮತ್ತೆ ವಿಲ್ಮಾ ಇದ್ದಳು. ಮೂರು ಚಿನ್ನದ ಒಡತಿಗೂ ಅಲ್ಲಿ ಪ್ರವೇಶ ಇರಲಿಲ್ಲ! ಸ್ವಲ್ಪ ದಿನದಲ್ಲೇ ಹೋಟೆಲುಗಳೂ ಸೇರಿ ಊರಿನ ಸಾರ್ವಜನಿಕ ಸ್ಥಳಗಳೆಲ್ಲ ಎಲ್ಲರಿಗೂ ತೆರೆದಿರುತ್ತವೆ ಅಂತ ಮೇಯರ್ ಘೋಷಿಸಿದರು. ಮಹಾಡದ ಚವದಾರ ಕೆರೆಯ ಚರಿತ್ರೆ ಗೊತ್ತಿರುವ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

1961ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ 100 ಮೀಟರನ್ನು 11.2 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದಳು. ಅಮೆರಿಕದ ಉತ್ತಮ ಹವ್ಯಾಸಿ ಕ್ರೀಡಾಪಟುವಿಗೆ ಕೊಡುವ ಸಲಿವನ್ ಪ್ರಶಸ್ತಿಯೂ ಬಂತು. 1962ರಲ್ಲಿ, ಇನ್ನೂ ಗೆಲ್ಲುತ್ತಿರುವಾಗಲೇ, 22ನೇ ವಯಸ್ಸಿಗೆ ಓಟ ನಿಲ್ಲಿಸಿದಳು. 1963ರಲ್ಲಿ ಡಿಗ್ರಿ ಮುಗಿಸಿ, ತಾನು ಕಲಿತ ಪ್ರಾಥಮಿಕ ಶಾಲೆಯಲ್ಲೇ ಟೀಚರ್ ಆದಳು.

ಆಮೇಲಿನ ಬದುಕು ಸುಲಭ ಇರಲಿಲ್ಲ. ಆಗಿನ ನಿಯಮದ ಪ್ರಕಾರ ಓಟದಿಂದ ದುಡ್ಡು ಗಳಿಸುವ ಹಾಗಿರಲಿಲ್ಲ. ಎರಡು ಮದುವೆಗಳೂ ಮುರಿದವು, ನಾಲ್ಕು ಮಕ್ಕಳನ್ನು ಸಾಕಬೇಕಿತ್ತು. ಕೆಲಸ ಹುಡುಕಿಕೊಂಡು ಊರಿಂದೂರಿಗೆ ಹೋದಳು. ಚಪ್ಪಾಳೆ ಹೊಡೆದವರು ಆಕೆಯ ಹೊಟ್ಟೆಪಾಡಿನ ಬಗ್ಗೆ ಕೇಳಲಿಲ್ಲ. ಆದರೂ 1977ರಲ್ಲಿ ತನ್ನ ಆತ್ಮಕಥೆ ತಂದಳು, ಅದರ ಮೇಲೆ ಟಿವಿ ಚಿತ್ರವೂ ಬಂತು. 1981ರಲ್ಲಿ ಬಡ ಮಕ್ಕಳಿಗೆ ಆಟ ಮತ್ತು ಓದು ಕಲಿಸಲು ತನ್ನ ಹೆಸರಿನ ಸಂಸ್ಥೆ ಕಟ್ಟಿದಳು.

1994ರ ನವೆಂಬರ್ 12ರಂದು ಮೆದುಳಿನ ಕ್ಯಾನ್ಸರ್‌ನಿಂದ ತೀರಿಕೊಂಡಾಗ ವಿಲ್ಮಾಳಿಗೆ 54 ವರ್ಷ. ಇಂದು ಕ್ಲಾರ್ಕ್ಸ್‌ವಿಲ್‌ನ ದೊಡ್ಡ ರಸ್ತೆಯೊಂದಕ್ಕೆ ಆಕೆಯ ಹೆಸರಿದೆ, ಕಲಿತ ವಿಶ್ವವಿದ್ಯಾಲಯದ ಹಾಸ್ಟೆಲಿಗೂ ಆಕೆಯ ಹೆಸರಿದೆ. ಆಕೆ ಹಾಕಿಕೊಟ್ಟ ದಾರಿಯಲ್ಲೇ ಟೆಂಪಲ್ ಅವರ ಇನ್ನೊಬ್ಬ ಶಿಷ್ಯೆ ವಯೋಮಿಯಾ ಟೈಯಸ್ 1964 ಮತ್ತು 1968 ಎರಡೂ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಚಿನ್ನ ಗೆದ್ದಳು. ಗಂಡಸರಲ್ಲೂ ಅಲ್ಲಿಯವರೆಗೆ ಯಾರೂ ಅದನ್ನು ಎರಡು ಸಲ ಬೆನ್ನುಬೆನ್ನಿಗೆ ಗೆದ್ದಿರಲಿಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ವೇದಿಕೆಯ ಮೇಲೆ ಹಾರ, ಕೆಳಗೆ ಇಳಿದ ಮೇಲೆ ಬ್ಯಾರೆ ಪಂಕ್ತಿ, ಇದು ನಮ್ಮ ಜನಕ್ಕೆ ಹೊಸದಲ್ಲ. ನಮ್ಮ ಹುಡುಗರು ಗೆದ್ದಾಗ ಅವರು ಊರಿನ ಹುಡುಗರು, ಉಣ್ಣುವ ಹೊತ್ತಿಗೆ ಕೇರಿಯ ಹುಡುಗರು. ಮುಂದೆ ನಮ್ಮಲ್ಲಿ ಯಾರಿಗಾದರೂ ಸನ್ಮಾನ ಅಂತ ಕರೆ ಬಂದರೆ, ಹಾರಕ್ಕೆ ಕೊರಳು ಒಡ್ಡುವ ಮುಂಚೆ ವಿಲ್ಮಾ ಕೇಳಿದ ಆ ಒಂದು ಮಾತನ್ನು ಕೇಳೋಣ. ನಮ್ಮ ಮನೆಯ ಹುಡುಗಿಯರು ಓಡುತ್ತೇವೆ ಅಂದಾಗ ಬೇಡ ಅನ್ನದೆ, ವಿಲ್ಮಾಳ ಅಕ್ಕಂದಿರು ಅಣ್ಣಂದಿರ ಹಂಗ ಪಾಳಿ ಹಚ್ಚಿಕೊಂಡು ಅವರ ಬೆನ್ನಿಗೆ ನಿಲ್ಲೋಣ.

ಜೈ ಭೀಮ್.