ಚರ್ಚಿಲ್ ಬರೆದುಕೊಟ್ಟ ಪ್ರಬಂಧಗಳು

ಸೋಮವಾರ ಬಂತೆಂದರೆ ನಮ್ಮ ಕ್ಲಾಸಿನಲ್ಲಿ ಇಂಗ್ಲಿಷ್ ಅಸೈನ್‌ಮೆಂಟಿನದೇ ಮಾತು. ಯಾರು ಬರೆದಿದ್ದಾರೆ, ಯಾರದು ನೋಡಿ ಬರೆಯಬಹುದು? 1953ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ವಿನ್‌ಸ್ಟನ್ ಚರ್ಚಿಲ್ ಓದಿದ ಶಾಲೆಯಲ್ಲೂ ಇದೇ ನಡೆಯುತ್ತಿತ್ತು.

ಚರ್ಚಿಲ್ 1874ರ ನವೆಂಬರ್ 30ರಂದು ಇಂಗ್ಲೆಂಡಿನಲ್ಲಿ ದೊಡ್ಡ ಮನೆತನದಲ್ಲಿ ಹುಟ್ಟಿದರು. 1888ರಲ್ಲಿ ಹ್ಯಾರೋ ಶಾಲೆಗೆ ಸೇರಿದಾಗ ಅವರನ್ನು ಕೆಳಗಿನ ತರಗತಿಗೆ ಹಾಕಿದರು. ಜಾಣರು ಲ್ಯಾಟಿನ್, ಗ್ರೀಕ್ ಕಲಿಯಲು ಮುಂದೆ ಹೋದರು, ದಡ್ಡರಿಗೆ ಇಂಗ್ಲಿಷ್ ಸಾಕು ಎಂಬ ಲೆಕ್ಕ. ಅಲ್ಲಿ ರಾಬರ್ಟ್ ಸಾಮರ್‌ವೆಲ್ ಎಂಬ ಮೇಷ್ಟ್ರು ಉದ್ದುದ್ದ ವಾಕ್ಯಗಳನ್ನು ಕಪ್ಪು, ಕೆಂಪು, ನೀಲಿ, ಹಸಿರು ಶಾಯಿಯಲ್ಲಿ ಬಿಡಿಸಿ, ಕರ್ತೃ ಯಾವುದು, ಕ್ರಿಯಾಪದ ಯಾವುದು ಎಂದು ತೋರಿಸುತ್ತಿದ್ದರು. ಬೇರೆಯವರಿಗಿಂತ ಹೆಚ್ಚು ಕಾಲ ಅಲ್ಲೇ ಉಳಿದ ಚರ್ಚಿಲ್‌ಗೆ ಆ ಪಾಠ ಮೂರು ಪಟ್ಟು ಸಿಕ್ಕಿತು.

ಆದರೆ ಲ್ಯಾಟಿನ್ ಪೂರ್ತಿ ತಪ್ಪಲಿಲ್ಲ, ಅನುವಾದ ಒಪ್ಪಿಸಬೇಕಿತ್ತು. ಮೇಲಿನ ತರಗತಿಯ ಒಬ್ಬ ಹುಡುಗನಿಗೆ ಲ್ಯಾಟಿನ್ ನೀರು ಕುಡಿದಷ್ಟು ಸುಲಭ, ಇಂಗ್ಲಿಷ್ ಪ್ರಬಂಧವೆಂದರೆ ಸಂಕಟ. ಇಬ್ಬರೂ ಒಪ್ಪಂದ ಮಾಡಿಕೊಂಡರು. ನಾವು ಕಾಮರ್ಸಿನವರು ಇದನ್ನು ವಸ್ತುವಿನಿಮಯ ಅನ್ನುತ್ತೇವೆ. ವಾರಕ್ಕೊಮ್ಮೆಯೋ ಏನೋ ಚರ್ಚಿಲ್ ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತ ಹೇಳುವುದು, ಆ ಹುಡುಗ ಮೂಲೆಯಲ್ಲಿ ಕೂತು ಬರೆದುಕೊಳ್ಳುವುದು. ಕೆಲವು ತಿಂಗಳು ಸುಸೂತ್ರವಾಗಿ ನಡೆಯಿತು. ಒಮ್ಮೆ ಒಂದು ಪ್ರಬಂಧ ಬಹಳ ಚೆನ್ನಾಗಿದೆ ಎಂದು ಮುಖ್ಯೋಪಾಧ್ಯಾಯ ವೆಲ್ಡನ್ ಅವರ ತನಕ ಹೋಯಿತು. ಅವರು ಹುಡುಗನನ್ನು ಕರೆಸಿ ಹೊಗಳಿ, ಅದರಲ್ಲಿದ್ದ ವಿಷಯದ ಬಗ್ಗೆ ಮಾತಿಗೆ ಶುರುಮಾಡಿದರು. ಪಾಪ, ಅವನ ಬಾಯಿಂದ ಮಾತೇ ಹೊರಡಲಿಲ್ಲ. ಅವರು ಅಲ್ಲಿಗೇ ಬಿಟ್ಟಿದ್ದು ಅವನ ಪುಣ್ಯ. ಆಮೇಲೆ ಚರ್ಚಿಲ್ ಎಚ್ಚರವಾಗಿ, ಸಾಧಾರಣವಾದ ಪ್ರಬಂಧಗಳನ್ನೇ ಹೇಳಿಕೊಟ್ಟರಂತೆ.

ಆ ಹುಡುಗನ ಸ್ಥಿತಿ ನನಗೆ ಗೊತ್ತು. ಮನೆಯಲ್ಲಿ ಉರ್ದು, ಹೊರಗೆ ಕನ್ನಡ, ಇಂಗ್ಲಿಷ್ ನೋಟ್‌ಬುಕ್ಕಿನಲ್ಲಿ ಮಾತ್ರ. ಹತ್ತನೇ ತರಗತಿಯಲ್ಲಿ ಬಾಜಿಯಿಂದ ಬರೆಸಿಕೊಂಡು ಹೋಗಿದ್ದೆ. ಟೀಚರ್ ಮೆಚ್ಚಿ ಒಂದೇ ಒಂದು ಪದದ ಅರ್ಥ ಕೇಳಿದರು. ನಾನು ನೆಲ ನೋಡಿದೆ.

ಸೈನಿಕ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಚರ್ಚಿಲ್ ಪಾಸಾಗಿದ್ದು ಮೂರನೇ ಸಲ. 1896ರಲ್ಲಿ ಸೈನ್ಯದ ಜೊತೆ ನಮ್ಮ ಬೆಂಗಳೂರಿಗೆ ಬಂದರು. ಮಧ್ಯಾಹ್ನದ ಬಿಸಿಲಿನಲ್ಲಿ ಬೇರೆ ಅಧಿಕಾರಿಗಳು ಮಲಗಿದ್ದಾಗ ಇವರು ತಾಯಿ ಕಳಿಸಿದ ಗಿಬ್ಬನ್, ಮೆಕಾಲೆಯ ಪುಸ್ತಕಗಳನ್ನು ಗಂಟೆಗಟ್ಟಲೆ ಓದುತ್ತಿದ್ದರು. ಯಾರೂ ಕೊಟ್ಟ ಹೋಂವರ್ಕ್ ಅಲ್ಲ. 1898ರಲ್ಲಿ ಮೊದಲ ಪುಸ್ತಕ ಬಂತು.

ಮುಂದೆ ಅವರು ಬ್ರಿಟನ್ನಿನ ಪ್ರಧಾನಿಯಾದರು. ಭಾರತದ ಸ್ವಾತಂತ್ರ್ಯವನ್ನು ವಿರೋಧಿಸಿದರು. 1943ರಲ್ಲಿ ಬಂಗಾಳದ ಬರಗಾಲದಲ್ಲಿ ಲಕ್ಷಾಂತರ ಜನ ಸತ್ತಾಗ ಅಧಿಕಾರ ಅವರ ಕೈಯಲ್ಲೇ ಇತ್ತು. ಅದನ್ನು ಓದಿದ ಮೇಲೆ ಅವರನ್ನು ಇಷ್ಟಪಡುವುದು ನನಗೆ ಆಗಲಿಲ್ಲ, ಅವರ ಇಂಗ್ಲಿಷ್ ಮೇಲೆ ಮಾತ್ರ ಹೊಟ್ಟೆಕಿಚ್ಚು. 1965ರ ಜನವರಿ 24ರಂದು ತೀರಿಕೊಂಡರು. ಬೆಂಗಳೂರು ಕ್ಲಬ್ಬಿನ ಹಳೇ ಲೆಕ್ಕದಲ್ಲಿ ಅವರ ಹೆಸರಿನಲ್ಲಿ 13 ರೂಪಾಯಿ ಬಾಕಿ ಇನ್ನೂ ಹಾಗೇ ಇದೆ.